ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್: ಮಾತಿಗೆ ಸಾಕು, ಮ್ಯಾಂಡೊಲಿನ್‌ಗೆ ಸಾಲದು

ಹಳೇ ಕ್ಯಾಸೆಟ್ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ, ವಾಕ್‌ಮನ್ ಥರದ ಪುಟ್ಟ ಪ್ಲೇಯರ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಅಂಥದ್ದೊಂದನ್ನು ತರಿಸಿದೆ. ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಯು. ಶ್ರೀನಿವಾಸ್ ಅವರ, ಅಪ್ಪನ ಹತ್ತಿರ ಇರುವ ಕ್ಯಾಸೆಟ್‌ಗಳು ಹಾಳಾಗುವ ಮೊದಲು ಉಳಿಸಿಕೊಳ್ಳಬೇಕಿತ್ತು.

ಶ್ರೀನಿವಾಸ್ 2014ರ ಸೆಪ್ಟೆಂಬರ್ 19ರಂದು ಚೆನ್ನೈನಲ್ಲಿ ತೀರಿಕೊಂಡರು. ಲಿವರ್ ಕಸಿ ಆದಮೇಲೆ ಚೇತರಿಸಿಕೊಳ್ಳಲಿಲ್ಲ. ಬರೀ 45 ವರ್ಷ. ಅಪ್ಪನಿಗೆ ಮನೆ ಹುಡುಗನನ್ನೇ ಕಳಕೊಂಡ ಹಾಗಾಯಿತು. ಆಂಧ್ರದ ಪಾಲಕೊಲ್ಲಿನ ಆ ಹುಡುಗ ಹತ್ತು-ಹನ್ನೆರಡು ವರ್ಷಕ್ಕೇ ಕಛೇರಿ ಕೊಡುತ್ತಿದ್ದುದನ್ನು ನೋಡಿದ ತಲೆಮಾರು ಅವರದು. "ವಯಸ್ಸಾದ ವಿದ್ವಾಂಸರು ಹೋದ್ರೆ ತಡ್ಕೋಬಹುದು. ಇವ್ನು ನಮ್ಮ ಕಣ್ಣೆದುರು ಬೆಳೆದೋನು" ಅಂತ ಈಗಲೂ ಹೇಳುತ್ತಾರೆ. ನನ್ನ ಸಂಕಟ ಬೇರೆ. ಅರವತ್ತು ದಾಟಿದ ಶ್ರೀನಿವಾಸ್ ತೋಡಿ ರಾಗವನ್ನು ಹೇಗೆ ನುಡಿಸುತ್ತಿದ್ದರೋ, ಅದು ನಮಗೆ ಸಿಗಲೇ ಇಲ್ಲ. ಪಿಟೀಲು ಕಲಿಯುತ್ತಿರುವ ನನ್ನ ಮಗನಂತೂ ಅವರನ್ನು ನೋಡಿದವನಲ್ಲ. ಅವನ ಪಾಲಿಗೆ ಶ್ರೀನಿವಾಸ್ ಅಂದರೆ ಕಿವಿಗೆ ಬಿದ್ದಷ್ಟೇ. ಅಂದಮೇಲೆ ಬೀಳುವುದು ಸರಿಯಾಗಿ ಬೀಳಬೇಕು, ಅಲ್ವಾ?

ಪ್ಲೇಯರ್ ಸೋತಿದ್ದು ಇಲ್ಲೇ. ಆಲಾಪನೆ ಶುರುವಾದ ಕೂಡಲೇ ಅಪ್ಪ "ಶ್ರುತಿ ಏರಿದೆ" ಅಂದರು. ಪಕ್ಕದ ಮನೆಯ ಹಳೇ ಕ್ಯಾಸೆಟ್ ಡೆಕ್‌ನಲ್ಲಿ (ಸ್ಟೀರಿಯೋಗೆ ಜೋಡಿಸುವ ದೊಡ್ಡ ಪ್ಲೇಯರ್) ಅದೇ ಕ್ಯಾಸೆಟ್ ಹಾಕಿ, ಮಗ ಫೋನಿನ ತಂಬೂರಿ ಹಿಡಿದು ನೋಡಿದ. ಹೆಚ್ಚುಕಮ್ಮಿ ಅರ್ಧ ಮನೆ ವ್ಯತ್ಯಾಸ, ಅಂದರೆ ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಅದಕ್ಕೆ ಅಂಟಿದ ಮುಂದಿನದಕ್ಕೆ ಹೋದಷ್ಟು. ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಮೋಟಾರು ನೂರಕ್ಕೆ 6ರಷ್ಟು ಜೋರಾಗಿ ಓಡಿಸಿದರೂ ಶ್ರುತಿ ಅಷ್ಟು ಮೇಲೆ ಹೋಗುತ್ತದೆ. ಇಷ್ಟೇ ಆಗಿದ್ದರೆ ಆಡಾಸಿಟಿಯಲ್ಲಿ ವೇಗ ಇಳಿಸಿಕೊಳ್ಳಬಹುದಿತ್ತು, ಅದು ಪುಕ್ಕಟೆ ಸಾಫ್ಟ್‌ವೇರ್. ಆದರೆ ಈ ಪ್ಲೇಯರ್‌ನಲ್ಲಿ ವೇಗ ಒಂದೇ ಸಮ ನಿಲ್ಲುವುದಿಲ್ಲ. ಎಳೆದು ಹಿಡಿದ ಸ್ವರವೆಲ್ಲ ನಡುಗುತ್ತದೆ.

ಶ್ರೀನಿವಾಸ್ ವಾದನಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಮಾಮೂಲಿ ಮ್ಯಾಂಡೊಲಿನ್‌ಗೆ ನಾಲ್ಕು ಜೋಡಿ, ಅಂದರೆ ಎಂಟು ತಂತಿ. ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಐದೇ ಒಂಟಿ ತಂತಿ ಇಟ್ಟುಕೊಂಡರು. ಮೀಟಿದ ಮೇಲೂ ನಾದ ನಿಲ್ಲುತ್ತಿತ್ತು, ಆ ನಾದದ ಬಾಲದಲ್ಲೇ ಗಮಕ, ಅಂದರೆ ಸ್ವರದ ಓಲಾಟ, ಬಿಡಿಸುತ್ತಿದ್ದರು. ಪ್ಲೇಯರಿನ ನಡುಕಕ್ಕೂ ಅವರ ಗಮಕಕ್ಕೂ ವ್ಯತ್ಯಾಸ ಗೊತ್ತಾಗದೆ ಮಗ ತಪ್ಪು ಕಲಿತರೆ? ಅದನ್ನು ನನ್ನಿಂದ ಸಹಿಸೋಕೆ ಆಗಲ್ಲ.

ಅಜ್ಜಿಯ ಮಾತು, ಮದುವೆಮನೆ ರೆಕಾರ್ಡಿಂಗ್ ಇದ್ದರೆ ಈ ಪ್ಲೇಯರ್ ಸಾಕು. ಜೇಬಿನಲ್ಲಿ ಹಿಡಿಯುತ್ತದೆ, ಜೋಡಿಸೋದೂ ಸುಲಭ. ಕಛೇರಿಗೆ ಮಾತ್ರ ಬೇಡ. ಐದಕ್ಕೆ ಎರಡು ಸ್ಟಾರ್.

ರಿಪೇರಿ ಮಾಡಿದ ಹಳೇ ಡೆಕ್ ಹುಡುಕಿ. ಅದರ ಹಿಂದಿನ ಲೈನ್ ಔಟ್ ತೂತಿನಿಂದ ಕಂಪ್ಯೂಟರಿಗೆ ಕೊಟ್ಟು, ಮೊದಲು ದನಿ ಕುಗ್ಗಿಸದ ವೇವ್ (WAV) ಫೈಲ್ ಆಗಿಯೇ ಉಳಿಸಿ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು. ಕೊಳ್ಳುವ ಮುಂಚೆ, ಟೇಪ್ ಓಡಿಸುವ ರಬ್ಬರ್ ಬೆಲ್ಟ್ ಹೊಸದಾ ಅಂತ ಕೇಳಿ. ನಿಮಗೆ ಬಾಯಿಪಾಠ ಆಗಿರುವ ಕ್ಯಾಸೆಟ್ ಒಂದನ್ನು ತೊಗೊಂಡು ಹೋಗಿ, ಅಂಗಡಿಯಲ್ಲೇ ಒಂದು ಬದಿ ಪೂರ್ತಿ ಹಾಕಿಸಿ ಕೇಳಿ.