ಕಾಫಿ ಮೇಕರ್ ತೊಳೆಯಲು ವಿನೆಗರ್‌ಗಿಂತ ಸಿಟ್ರಿಕ್ ಆಸಿಡ್ಡೇ ವಾಸಿ

ಮೊದಲೇ ಹೇಳಿಬಿಡುತ್ತೇನೆ. ಕಾಫಿ ಮೇಕರ್‌ನ ಒಳಭಾಗಕ್ಕೆ ನನ್ನ ಆಯ್ಕೆ ಸಿಟ್ರಿಕ್ ಆಸಿಡ್ ಪುಡಿ. ಗಾಜಿನ ಜಗ್ಗಿನ ಕಂದು ಕರೆಗೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ. ಯಾರನ್ನು ಕೇಳಿದರೂ ಮೊದಲು ಹೇಳುವುದು ವಿನೆಗರ್ ಹೆಸರನ್ನೇ. ನಾನೂ ಅದನ್ನೇ ದೊಡ್ಡ ಕ್ಯಾನಿನಲ್ಲಿ ತಂದಿದ್ದೆ. ಅದೀಗ ಅಡುಗೆಗೆ ಮಾತ್ರ.

ಒಂದೇ ಪುಡಿ ಸಾಲದಾ? ಸಾಲದು. ಯಾಕೆಂದರೆ ಕೊಳೆ ಎರಡು ಥರ. ಮಷಿನ್ ಒಳಗೆ ಕಟ್ಟಿಕೊಳ್ಳುವುದು ಬಿಳಿ ಸುಣ್ಣದ ಪದರ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಗಟ್ಟಿಯಾಗಿ ಕೂರುತ್ತವೆ. ಇದು ಕರಗಲು ಆಸಿಡ್ ಬೇಕು. ಜಗ್ಗಿಗೆ ಅಂಟುವುದು ಕಾಫಿಯ ಎಣ್ಣೆ ಜಿಡ್ಡು ಮತ್ತು ಬಣ್ಣ. ಅದು ಆಸಿಡ್‌ಗೆ ಅಷ್ಟಾಗಿ ಜಗ್ಗುವುದಿಲ್ಲ, ಕ್ಷಾರವೇ ಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. "ವಿನೆಗರ್ ಹಾಕಿದೆ, ಜಗ್ ಹಾಗೇ ಇದೆ" ಎನ್ನುವವರ ತೊಂದರೆ ಇದೇ.

ಈಗ ವಿನೆಗರ್ ವಿಷಯ. ಅದು ಕೆಲಸ ಮಾಡುವುದಿಲ್ಲ ಅಂತಲ್ಲ. ಮಾಡುತ್ತದೆ. ಸಾಮಾನ್ಯ ಬಿಳಿ ವಿನೆಗರ್‌ನಲ್ಲಿ ಸುಮಾರು 5% ಅಸಿಟಿಕ್ ಆಸಿಡ್ ಇರುತ್ತದೆ. ಅದಕ್ಕೆ ಅಷ್ಟೇ ನೀರು ಬೆರೆಸಿ ಟ್ಯಾಂಕಿಗೆ ತುಂಬಿ ಓಡಿಸಿದರೆ ತೆಳುವಾದ ಸುಣ್ಣ ಹೋಗುತ್ತದೆ. ತೊಂದರೆ ಇರುವುದು ವಾಸನೆಯಲ್ಲಿ. ಅಸಿಟಿಕ್ ಆಸಿಡ್ ಸುಲಭವಾಗಿ ಆವಿಯಾಗುತ್ತದೆ. ಕಾಫಿ ಮೇಕರ್ ಮಾಡುವ ಕೆಲಸವೇ ನೀರನ್ನು ಕಾಯಿಸಿ ಆವಿ ಎಬ್ಬಿಸುವುದು. ಮಷಿನ್ ಗೊರ ಗೊರ ಎನ್ನಲು ಶುರುವಾಯಿತೋ, ಅಡುಗೆಮನೆ ತುಂಬ ಘಾಟು. ಕಣ್ಣು ಉರಿ, ಗಂಟಲಲ್ಲಿ ಕೆರೆತ. ಕಿಟಕಿ ತೆಗೆದಿಟ್ಟರೂ ಬಹಳ ಹೊತ್ತು ಹೋಗುವುದಿಲ್ಲ.

ಘಾಟನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಮರುದಿನದ ಕಾಫಿ. ಬರೀ ನೀರು ಹಾಕಿ ಮತ್ತೆ ಮತ್ತೆ ಓಡಿಸಿದ್ದೆ. ಬಂದ ನೀರನ್ನು ಮೂಸಿ ನೋಡಿದರೆ ಏನೂ ಇಲ್ಲ. ಸರಿ ಅಂತ ಕಾಫಿ ಮಾಡಿದರೆ ಮೊದಲ ಗುಟುಕಿಗೇ ಹುಳಿ ವಾಸನೆ. ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಇಟ್ಟಾಗ ಗೊತ್ತಾಯಿತು, ವಾಸನೆ ಕೂತಿದ್ದು ರಬ್ಬರ್ ವಾಷರ್‌ನಲ್ಲಿ. ಅದನ್ನು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಒಳಗಿನ ಪೈಪನ್ನಂತೂ ಬಿಚ್ಚಲು ಆಗುವುದೇ ಇಲ್ಲ. ವಾಸನೆ ಹೋಗಿಸಲು ಓಡಿಸಿದ ನೀರು, ಕರೆಂಟು, ಹಾಳಾದ ಕಾಫಿಪುಡಿ ಎಲ್ಲ ಲೆಕ್ಕಕ್ಕೆ ಹಿಡಿದರೆ ವಿನೆಗರ್ ಅಗ್ಗ ಅನ್ನುವ ಮಾತೂ ಉಳಿಯುವುದಿಲ್ಲ.

ಸಿಟ್ರಿಕ್ ಆಸಿಡ್ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅದು ಆವಿಯಾಗುವುದಿಲ್ಲ, ಹಾಗಾಗಿ ಘಾಟಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಪುಡಿ. ಕಾಳು ಉಳಿಯದ ಹಾಗೆ ಹೊರಗೇ ಕರಗಿಸಿ ಆಮೇಲೆ ಟ್ಯಾಂಕಿಗೆ ಸುರಿಯುತ್ತೇನೆ. ಅರ್ಧ ನೀರು ಇಳಿದ ಮೇಲೆ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಬಿಡುತ್ತೇನೆ, ಆಮೇಲೆ ಉಳಿದದ್ದನ್ನು ಓಡಿಸುತ್ತೇನೆ. ಸುಣ್ಣ ಜಾಸ್ತಿ ಇದ್ದಾಗ ಜಗ್ಗಿಗೆ ಬೀಳುವ ನೀರು ಸ್ವಲ್ಪ ಮಬ್ಬಾಗಿರುತ್ತದೆ, ತಳದಲ್ಲಿ ಬಿಳಿ ಚೂರುಗಳೂ ಕಾಣುತ್ತವೆ. ಇದರ ನಂತರ ಎರಡು ಟ್ಯಾಂಕ್ ಬರೀ ನೀರು ಓಡಿಸಿದರೆ ಮರುದಿನ ಕಾಫಿ ಕಾಫಿಯ ಹಾಗೇ ಇರುತ್ತದೆ. ಒಂದು ಎಚ್ಚರಿಕೆ: ಇದನ್ನು ಸುಮ್ನೆ ತುಂಬಾ ಹೊತ್ತು ಕುದಿಸಬೇಡಿ. ಸುಣ್ಣ ಕರಗಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಾದಷ್ಟೂ ಕಮ್ಮಿ ಕರಗುತ್ತದೆ, ಮತ್ತೆ ತಳಕ್ಕೆ ಕೂರಬಹುದು.

ಬಾಟಲಿಯಲ್ಲಿ ಸಿಗುವ ರೆಡಿ ಡಿಸ್ಕೇಲರ್, ಅಂದರೆ ಸುಣ್ಣ ತೆಗೆಯುವ ದ್ರಾವಣ? ಚೆನ್ನಾಗಿದೆ. ನಾನು ತಂದದ್ದರ ಲೇಬಲ್ ಓದಿದರೆ ಅದರಲ್ಲೂ ಸಿಟ್ರಿಕ್ ಆಸಿಡ್ಡೇ ಇತ್ತು, ದುಡ್ಡು ಮಾತ್ರ ಜಾಸ್ತಿ. ಮಷಿನ್ ಇನ್ನೂ ವಾರಂಟಿಯಲ್ಲಿದ್ದು, ಕೈಪಿಡಿಯಲ್ಲಿ ಇಂಥದ್ದನ್ನೇ ಬಳಸಿ ಅಂತ ಬರೆದಿದ್ದರೆ ಮಾತ್ರ ಅದನ್ನೇ ತನ್ನಿ.

ಇನ್ನು ಜಗ್. ನನ್ನ ಅಭ್ಯಾಸ ಹೇಗೆಂದರೆ, ಬೆಳಿಗ್ಗೆ ಮಾಡಿದ ಕಾಫಿ ಬಿಸಿ ತಟ್ಟೆಯ ಮೇಲೇ ಬಹಳ ಹೊತ್ತು ಕೂತಿರುತ್ತದೆ. ತಳದಲ್ಲಿ ಸುತ್ತಲೂ ಕಂದು ಗೆರೆ ಬೀಳುತ್ತದೆ. ಕುತ್ತಿಗೆ ಕಿರಿದು, ಕೈ ಒಳಗೆ ಹೋಗುವುದಿಲ್ಲ. ಇಂಥ ಜಗ್ಗಿಗೆ ಪರ್‌ಕಾರ್ಬೊನೇಟ್ ಬಿಟ್ಟರೆ ಬೇರೆ ಯಾವುದೂ ನನಗೆ ಸರಿಹೋಗಿಲ್ಲ. ಬಿಸಿನೀರಿನಲ್ಲಿ ಈ ಪುಡಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬಿಡಿಸಿಕೊಳ್ಳುತ್ತದೆ. ಒಂದು ಬಣ್ಣ ತೆಗೆಯುತ್ತದೆ, ಇನ್ನೊಂದು ಜಿಡ್ಡು ಬಿಡಿಸುತ್ತದೆ. ಮೊದಲು ಬೆಚ್ಚಗಿನ ನೀರಿನಲ್ಲಿ ಗಾಜನ್ನು ಹದ ಮಾಡಿಕೊಂಡು, ಆಮೇಲೆ ಬಿಸಿನೀರು, ಒಂದು ದೊಡ್ಡ ಚಮಚ ಪುಡಿ. ಸಣ್ಣ ಗುಳ್ಳೆಗಳು ಗಾಜಿನ ಗೋಡೆ ಹಿಡಿದು ಮೇಲೇರುತ್ತವೆ. ಸ್ವಲ್ಪ ಹೊತ್ತಿಗೆ ಕಂದು ಪದರ ತೆಳು ಚೂರುಗಳಾಗಿ ಎದ್ದು ತೇಲುತ್ತದೆ. ಅರ್ಧ ಗಂಟೆ ಬಿಟ್ಟು ಚೆಲ್ಲಿ, ಚೆನ್ನಾಗಿ ತೊಳೆದರೆ ಆಯಿತು, ಉಜ್ಜುವ ಮಾತೇ ಇಲ್ಲ. ಕಾಫಿಪುಡಿ ಹಾಕುವ ಪ್ಲಾಸ್ಟಿಕ್ ಬುಟ್ಟಿಯನ್ನೂ ಅದೇ ನೀರಿನಲ್ಲಿ ನೆನೆಸಬಹುದು. ಫ್ರೆಂಚ್ ಪ್ರೆಸ್ ಇದ್ದರೆ ಅದರ ಜಾಲರಿಯನ್ನು ಬಿಚ್ಚಿ ಹಾಕಿ. ಹಳೇ ಜಿಡ್ಡೆಲ್ಲ ಅಡಗಿರುವುದು ಆ ಪದರಗಳ ನಡುವೆಯೇ.

ಐಸ್ ಮತ್ತು ಕಲ್ಲುಪ್ಪು ಹಾಕಿ ಕುಲುಕುವುದು ತೆಳು ಕರೆಗೆ ಪರವಾಗಿಲ್ಲ. ಆದರೆ ಜಗ್ ಪೂರ್ತಿ ಆರಿರಬೇಕು. ಬಿಸಿ ಗಾಜಿಗೆ ಐಸ್ ಬಿದ್ದರೆ ಸೀಳುತ್ತದೆ. ಬೋರೋಸಿಲಿಕೇಟ್ ಗಾಜು ಸಾಧಾರಣ ಗಾಜಿನ ಮೂರನೇ ಒಂದು ಭಾಗದಷ್ಟೇ ಹಿಗ್ಗುವುದರಿಂದ ಸ್ವಲ್ಪ ತಡೆದುಕೊಳ್ಳುತ್ತದೆ, ಆದರೂ ನಾನು ಪರೀಕ್ಷೆ ಮಾಡಲು ಹೋಗುವುದಿಲ್ಲ.

ಜಗ್ಗಿನ ಬಾಯಿ ಕೈ ಹೋಗುವಷ್ಟು ಅಗಲವಿದ್ದರೆ ಅಡುಗೆ ಸೋಡಾ ಹಾಕಿ ಉಜ್ಜುವುದೂ ಚೆನ್ನ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದು ನೊರೆ ಉಕ್ಕಿಸುವುದು ದಂಡ. ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಸ್ಟೀಲ್ ಸ್ಕ್ರಬ್ಬರ್ ಬೇಡವೇ ಬೇಡ, ಗೀರು ಬಿದ್ದ ಗಾಜು ಬೇಗ ಒಡೆಯುತ್ತದೆ.

ಕಾಫಿ ಮುಗಿದ ತಕ್ಷಣ ಜಗ್ ತೊಳೆದಿಡುವ ಅಭ್ಯಾಸ ನಿಮಗಿದ್ದರೆ ಪರ್‌ಕಾರ್ಬೊನೇಟ್ ಬೇಕಾಗಿಲ್ಲ, ಪಾತ್ರೆ ಸೋಪು ಸಾಕು. ಮನೆಯಲ್ಲಿ ಆಗಲೇ ವಿನೆಗರ್ ಇದ್ದು, ನಿಮಗೆ ವಾಸನೆ ತೊಂದರೆ ಕೊಡದಿದ್ದರೆ ಅದನ್ನೇ ಮುಗಿಸಿ. ಹೊಸದಾಗಿ ದುಡ್ಡು ಹಾಕುವವರು ಈ ಎರಡು ಪುಡಿಗಳಿಗೇ ಹಾಕಿ. ಸ್ವಲ್ಪ ಸ್ವಲ್ಪವೇ ಬಳಸುವುದರಿಂದ ಬಹಳ ಕಾಲ ಬರುತ್ತವೆ.

ಬಳಸುವಾಗ ಇಷ್ಟು ನೆನಪಿರಲಿ. ಪರ್‌ಕಾರ್ಬೊನೇಟ್ ಹಾಕಿದ ಜಗ್ಗಿನ ಮುಚ್ಚಳ ಬಿಗಿಯಬೇಡಿ, ಗ್ಯಾಸ್ ತುಂಬಿಕೊಳ್ಳುತ್ತದೆ. ಅಲ್ಯೂಮಿನಿಯಂ ಮೋಕಾ ಪಾಟ್‌ಗೆ ಅದನ್ನು ಹಾಕಲೇಬೇಡಿ, ಲೋಹ ಕಪ್ಪಾಗಿ ಸವೆಯುತ್ತದೆ. ಕ್ಲೋರಿನ್ ಬ್ಲೀಚ್ ಹತ್ತಿರ ವಿನೆಗರ್ ಆಗಲಿ ಸಿಟ್ರಿಕ್ ಆಸಿಡ್ ಆಗಲಿ ತರಬೇಡಿ, ವಿಷದ ಗಾಳಿ ಏಳುತ್ತದೆ. ಎರಡೂ ಪುಡಿ ನೋಡಲು ಬೆಳ್ಳಗೆ, ಸಕ್ಕರೆ ಉಪ್ಪಿನ ಥರವೇ ಕಾಣುತ್ತವೆ. ಹೆಸರು ಬರೆದು ಅಂಟಿಸಿ, ತೇವ ತಾಗದ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.