ಬೇರೆಯವರ ಹೆಸರಲ್ಲಿ ಬಾಲಿ ಹಳ್ಳಿಯ ಜಮೀನು: ದುಡ್ಡು ನಿಮ್ಮದು, ಹಕ್ಕು ಅವರದು

ಬಾಲಿಯ ಚಾಂಗು, ಉಬುದ್ ಕಡೆ ಜಮೀನಿನ ಬೆಲೆ ಕೈಗೆಟುಕದಂತಾದ ಮೇಲೆ ದಲ್ಲಾಳಿಗಳು ಗಿರಾಕಿಗಳನ್ನು ಹಳ್ಳಿಗಳ ಕಡೆ ತಿರುಗಿಸಿದ್ದಾರೆ: ಬಾಲಿಯ ಉತ್ತರದ ಬುಲೆಲೆಂಗ್, ಪಶ್ಚಿಮದ ಜೆಂಬ್ರಾನಾ, ಪಕ್ಕದ ಲೊಂಬೊಕ್ ದ್ವೀಪ, ಇನ್ನೂ ಆಚೆಯ ಸುಂಬಾ ದ್ವೀಪ. ಗದ್ದೆ, ತೆಂಗು, ಹಿಂದೊಂದು ಬೆಟ್ಟ. ಮಲೆನಾಡಿನವರಿಗೆ ತಮ್ಮೂರಿನಂತೆಯೇ ಕಾಣುವ ಜಾಗಗಳು. ಜಾಗ ಒಪ್ಪಿಗೆಯಾಯಿತು ಎನ್ನುವ ಹೊತ್ತಿಗೆ ಒಂದು ಮಾತು ಬರುತ್ತದೆ: "ವಿದೇಶಿಯರ ಹೆಸರಿಗೆ ಆಗಲ್ಲ ಸಾರ್, ನಮ್ಮ ಕಡೆಯ ಒಬ್ಬರ ಹೆಸರಿಗೆ ಮಾಡಿಸೋಣ. ನೋಟಾರಿಸ್ ಪೇಪರ್ ಎಲ್ಲ ಭದ್ರ ಮಾಡಿಕೊಡ್ತಾರೆ." ಅಲ್ಲಿಗೆ ಎದ್ದು ಬನ್ನಿ.

ನಮ್ಮಲ್ಲಿ ಬೇನಾಮಿ ಅಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಡೋನೇಷ್ಯಾದಲ್ಲಿ ಅದು ನಮ್ಮಲ್ಲಿಗಿಂತ ಒಂದು ಕೈ ಮೇಲೆ ಅಪಾಯಕಾರಿ. ಅಲ್ಲಿನ 1960ರ ಭೂಕಾಯ್ದೆಯ 21ನೇ ಕಲಂ ಪ್ರಕಾರ ಪೂರ್ಣ ಒಡೆತನ, ಅಂದರೆ ಹಕ್ ಮಿಲಿಕ್, ಆ ದೇಶದ ಪ್ರಜೆಗಳಿಗಷ್ಟೇ. 26ನೇ ಕಲಂ ಇನ್ನೂ ಕಠಿಣ: ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಹಕ್ ಮಿಲಿಕ್ ಅನ್ನು ವಿದೇಶಿಯರಿಗೆ ದಾಟಿಸುವ ಮಾರಾಟ, ದಾನ, ಉಯಿಲು ಎಲ್ಲವೂ ತಾನಾಗಿಯೇ ಅಸಿಂಧು, ಜಮೀನು ಸರ್ಕಾರದ ಪಾಲು, ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು 2020ರ ತನ್ನ 10ನೇ ಸುತ್ತೋಲೆಯಲ್ಲಿ ಉಳಿದಿದ್ದ ಅನುಮಾನವನ್ನೂ ತೆಗೆಯಿತು. ದುಡ್ಡು ವಿದೇಶಿಯರದ್ದೇ ಆಗಿದ್ದರೂ ಸರ್ಟಿಫಿಕೇಟಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು.

ಹಾಗಾದರೆ ಆ "ಭದ್ರವಾದ ಪೇಪರ್"ಗಳು ಏನು? ಸಾಮಾನ್ಯವಾಗಿ ಒಂದು ಕಟ್ಟು ಕೊಡುತ್ತಾರೆ. ಹೆಸರು ಕೊಟ್ಟವರು ನಿಮ್ಮಿಂದ ಸಾಲ ಪಡೆದಿದ್ದಾರೆ ಎಂಬ ಸಾಲಪತ್ರ, ಜಮೀನನ್ನು ನಿಮಗೆ ಹತ್ತಾರು ವರ್ಷಕ್ಕೆ ಬಾಡಿಗೆಗೆ ಕೊಟ್ಟ ಕರಾರು, ಮಾರುವ ಅಧಿಕಾರ ನಿಮಗೆ ಕೊಡುವ ಮುಖ್ತಿಯಾರು ಪತ್ರ, "ನಿಜವಾದ ಮಾಲೀಕರು ಇವರೇ" ಎಂಬ ಹೇಳಿಕೆ, ಕೆಲವೊಮ್ಮೆ ಒಂದು ಉಯಿಲೂ. ಬೆಂಗಳೂರು ಸುತ್ತಮುತ್ತ ಜಿಪಿಎ ಮೇಲೆ ಸೈಟು ಕೊಂಡು ಅನುಭವಿಸಿದವರಿಗೆ ಈ ಕಟ್ಟಿನ ತೂಕ ತಟ್ಟನೆ ಗೊತ್ತಾಗುತ್ತದೆ. ರದ್ದುಮಾಡಲಾಗದ ಮುಖ್ತಿಯಾರು ಪತ್ರದ ಮೂಲಕ ಜಮೀನು ದಾಟಿಸುವುದನ್ನು ಅಲ್ಲಿ 1982ರಲ್ಲೇ ನಿಷೇಧಿಸಲಾಗಿದೆ. ಇನ್ನು "ನಿಜವಾದ ಮಾಲೀಕರು ಇವರೇ" ಎಂಬ ಹೇಳಿಕೆ 26ನೇ ಕಲಂ ಉಲ್ಲಂಘನೆಗೆ ನೀವೇ ಸಹಿ ಹಾಕಿ ಕೊಟ್ಟ ಸಾಕ್ಷಿ.

ಹಾಳಾಗುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲ ಕೆಲವು ವರ್ಷ ಏನೂ ಆಗುವುದಿಲ್ಲ. ಮನೆ ಏಳುತ್ತದೆ, ಸುತ್ತ ಬೆಲೆ ಏರುತ್ತದೆ. ಆಮೇಲೆ ಹೆಸರು ಕೊಟ್ಟವರು ತೀರಿಕೊಳ್ಳುತ್ತಾರೆ, ಇಲ್ಲವೇ ವಿಚ್ಛೇದನವಾಗುತ್ತದೆ, ಇಲ್ಲವೇ ನಕಲು ಸರ್ಟಿಫಿಕೇಟ್ ಮಾಡಿಸಿ ಬ್ಯಾಂಕಿನಲ್ಲಿ ಅಡವಿಟ್ಟಿರುವುದು ಬೆಳಕಿಗೆ ಬರುತ್ತದೆ. ಹೆಂಡತಿ ಮಕ್ಕಳಿಗೆ ಆ ಒಪ್ಪಂದದ ಸುದ್ದಿಯೇ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅದಕ್ಕೆ ಬದ್ಧರಾಗಬೇಕಾದ ಕಾರಣ ಅವರಿಗೆ ಕಾಣುವುದಿಲ್ಲ. ಕೋರ್ಟಿಗೆ ಹೋದರೆ ನಿಮ್ಮದೇ ಕಾಗದ ನಿಮ್ಮ ಮೇಲೆ ತಿರುಗುತ್ತದೆ. ಹೀಗಾಗಿ ಬಹುತೇಕರು ಸಿಕ್ಕಷ್ಟು ತೆಗೆದುಕೊಂಡು ಹೊರಡುತ್ತಾರೆ. ಎದುರಿನವರಿಗೂ ಇದು ಗೊತ್ತಿರುತ್ತದೆ. ಜೊತೆಗೆ ನಿಮ್ಮ ವೀಸಾ ಪ್ರವಾಸಿ ವೀಸಾ ಆಗಿದ್ದು, ಮನೆಯನ್ನು ಹೋಂಸ್ಟೇ ನಡೆಸುತ್ತಿದ್ದರೆ, ಇಮಿಗ್ರೇಷನ್‌ಗೆ ಒಂದು ದೂರು ಸಾಕು, ಗಡೀಪಾರು.

ಸ್ಥಳೀಯರನ್ನು ಮದುವೆಯಾದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಆಸ್ತಿ ಬೇರೆ ಬೇರೆ ಎಂಬ ಒಪ್ಪಂದ ಇಲ್ಲದಿದ್ದರೆ ಆಸ್ತಿ ಇಬ್ಬರದ್ದೂ ಎಂದಾಗಿ, ಇಂಡೋನೇಷ್ಯಾದ ಸಂಗಾತಿಗೂ ಹಕ್ ಮಿಲಿಕ್ ಉಳಿಯುವುದು ಕಷ್ಟ. ಮದುವೆಯ ನಂತರವೂ ಅಂಥ ಒಪ್ಪಂದ ಮಾಡಿಕೊಳ್ಳಬಹುದು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ ದಾರಿ ತೆರೆದಿದೆ. ಜಮೀನಿಗಿಂತ ಮೊದಲು ಆ ಕೆಲಸ.

ಹೆಸರಿನ ಪ್ರಶ್ನೆ ಬಗೆಹರಿದರೂ ಹಳ್ಳಿಯ ಕಾಗದಪತ್ರ ಬೇರೆಯದೇ ಕಾಡು. ಗಿರಿಕ್, ಪೆತೊಕ್, ಬಾಲಿಯಲ್ಲಿ ಪಿಪಿಲ್, ಹಳ್ಳಿ ಕಚೇರಿಯ ಲೆಟರ್ ಸಿ ಪುಸ್ತಕದ ನಕಲು: ಇವೆಲ್ಲ ಹಳೆಯ ಕಂದಾಯದ ದಾಖಲೆಗಳು, ಹಕ್ಕುಪತ್ರಗಳಲ್ಲ. ವರ್ಷವರ್ಷ ಬರುವ ಭೂತೆರಿಗೆ ಚೀಟಿಯೂ ಅಷ್ಟೇ, ನಮ್ಮ ಕಂದಾಯ ರಸೀದಿಯ ಹಾಗೆ. 2021ರ 18ನೇ ಸರ್ಕಾರಿ ನಿಯಮ ಇಂಥ ಹಳೆಯ ಕಾಗದ ಇಟ್ಟುಕೊಂಡವರಿಗೆ ನೋಂದಣಿಗೆ ಐದು ವರ್ಷ ಕೊಟ್ಟಿತ್ತು. ಆ ಗಡುವು 2026ರ ಫೆಬ್ರವರಿಗೆ ಮುಗಿಯಿತು. ಅಲ್ಲಿಂದಾಚೆ ಗಿರಿಕ್ ಒಂದು ಸುಳಿವು ಮಾತ್ರ, ಒಡೆತನಕ್ಕೆ ಪುರಾವೆ ಅಲ್ಲ. "ಸರ್ಟಿಫಿಕೇಟ್ ಪ್ರೊಸೆಸ್‌ನಲ್ಲಿದೆ, ಅಡ್ವಾನ್ಸ್ ಕೊಡಿ" ಎಂದರೆ ಅದು ಕೈಗೆ ಬಂದ ಮೇಲೆ ಮಾತಾಡೋಣ ಎನ್ನಿ.

ಸರ್ಟಿಫಿಕೇಟ್ ಇದ್ದರೆ ಅದನ್ನು ಭೂ ಕಚೇರಿ ಬಿಪಿಎನ್‌ನಲ್ಲಿ ಪರಿಶೀಲನೆಗೆ ಹಾಕಿಸಬೇಕು. ಅಡಮಾನ, ಜಪ್ತಿ, ವ್ಯಾಜ್ಯ ಅಲ್ಲಿ ಕಾಣುತ್ತದೆ. ಪಿಪಿಎಟಿ, ಅಂದರೆ ಭೂ ಪತ್ರ ಬರೆಯುವ ಅಧಿಕೃತ ನೋಟಾರಿಸ್, ಮೂಲಕ ಮಾಡಿಸಿ. ಆದರೆ ಮಾರುವವರು ಅಥವಾ ದಲ್ಲಾಳಿ ತೋರಿಸಿದವರ ಬಳಿ ಬೇಡ. ಬಿಪಿಎನ್‌ನದೇ "ಸೆಂತುಹ್ ತಾನಾಹ್ಕು" ಎಂಬ ಮೊಬೈಲ್ ಆ್ಯಪ್‌ನಲ್ಲಿ ಜಾಗದ ಗುರುತನ್ನು ನಕ್ಷೆಯ ಮೇಲೆ ನೋಡಬಹುದು. ನಕ್ಷೆಯಲ್ಲೊಂದು, ಬೇಲಿಯೊಂದು ಆಗಿರುವುದು ಸಾಮಾನ್ಯ. ಬಿಪಿಎನ್ ಸರ್ವೇಯರ್‌ನಿಂದ ಅಳತೆ ಮಾಡಿಸಿ, ನಾಲ್ಕೂ ದಿಕ್ಕಿನ ನೆರೆಯವರನ್ನು ನಿಲ್ಲಿಸಿ ಚಕ್ಕುಬಂದಿ ಒಪ್ಪಿಸಿಕೊಳ್ಳಿ. ಅಳತೆ ಆರೆಯಲ್ಲಿರುತ್ತದೆ. ಒಂದು ಆರೆ 100 ಚದರ ಮೀಟರ್, ಅಂದರೆ ನಮ್ಮ ಗುಂಟೆಗೆ ಒಂದೇ ಚದರ ಮೀಟರಿನಷ್ಟು ಕಡಿಮೆ. ಆ ಲೆಕ್ಕ ಸುಲಭ, ಬೆಲೆಯ ಲೆಕ್ಕ ಹಾಗಲ್ಲ: ಜೂತಾ ಎಂದರೆ ಹತ್ತು ಲಕ್ಷ, ಮಿಲಿಯಾರ್ ಎಂದರೆ ನೂರು ಕೋಟಿ. ಬಾಡಿಗೆ ಜಮೀನಿಗೆ "ಆರೆಗೆ ಇಷ್ಟು" ಎಂದರೆ ಅದು ವರ್ಷಕ್ಕೋ ಪೂರ್ತಿ ಅವಧಿಗೋ ಕೇಳಿ. ಸಾಮಾನ್ಯವಾಗಿ ವರ್ಷಕ್ಕೆ, ಅದೂ ಪೂರ್ತಿ ಅವಧಿಯ ಹಣ ಮುಂಗಡವಾಗಿ.

ಪಿತ್ರಾರ್ಜಿತ ಜಮೀನಾದರೆ ಎಲ್ಲ ವಾರಸುದಾರರ ಸಹಿ ಬೇಕು, ಜಕಾರ್ತಾದಲ್ಲಿ ಕೆಲಸಕ್ಕಿರುವ ತಮ್ಮನದ್ದೂ ಸೇರಿ. ಬಾಲಿಯಲ್ಲಿ ಇನ್ನೊಂದು ಪದರ ಇದೆ. ಮನೆ ನಿವೇಶನದಂತೆ ಕಾಣುವ ಜಾಗ ಸಂಪ್ರದಾಯದ ಗ್ರಾಮಸಂಸ್ಥೆಯದ್ದು, ದೆಸಾ ಅದತ್‌ನದ್ದು, ಆಗಿರಬಹುದು. ಅದನ್ನು ಅನುಭವಿಸುವ ಕುಟುಂಬಕ್ಕೆ ಗುಡಿ, ಉತ್ಸವ, ಊರ ಕೆಲಸದ ಋಣವಿರುತ್ತದೆ. ಮಾರುವ ಹಕ್ಕು ಇರುವುದಿಲ್ಲ. ಇಂಥ ಜಾಗದ ಮೇಲೆ ದುಡ್ಡು ಕೊಟ್ಟವರನ್ನು ಹಳ್ಳಿ ಒಪ್ಪುವುದಿಲ್ಲ, ಒಪ್ಪಬೇಕೂ ಇಲ್ಲ. ಖರೀದಿಗೆ ಮುನ್ನ ಬೆಂದೇಸಾ, ಅಂದರೆ ದೆಸಾ ಅದತ್ ಮುಖ್ಯಸ್ಥರನ್ನು ಕಂಡು ಕೇಳಿ.

ಗದ್ದೆಯ ನೋಟಕ್ಕೆ ಸೋಲುವವರೇ ಹೆಚ್ಚು, ಅಲ್ಲೇ ಹಳ್ಳ. 2009ರ 41ನೇ ಕಾಯ್ದೆ ರಕ್ಷಿತ ಕೃಷಿಭೂಮಿಯ ಪರಿವರ್ತನೆಗೆ ಐದು ವರ್ಷದವರೆಗೆ ಜೈಲು, ಒಂದು ಮಿಲಿಯಾರ್ ರುಪಿಯಾದವರೆಗೆ ದಂಡ ಹಾಕುತ್ತದೆ. ಗದ್ದೆಯಲ್ಲಿ ಆಗಲೇ ನಾಲ್ಕು ವಿಲ್ಲಾ ಎದ್ದಿವೆ ಎಂಬುದು ಅನುಮತಿಗೆ ಪುರಾವೆ ಅಲ್ಲ. 2025ರ ಜುಲೈಯಲ್ಲಿ ದಕ್ಷಿಣ ಬಾಲಿಯ ಬಿಂಗಿನ್ ಕಡಲತೀರದಲ್ಲಿ ಇಂಥದ್ದೇ ಧೈರ್ಯದ ಮೇಲೆ ನಿಂತಿದ್ದ 48 ಕಟ್ಟಡಗಳನ್ನು ಕೆಡವಲು ಸರ್ಕಾರವೇ ಬಂತು. ಸಮುದ್ರದ ಉಬ್ಬರದ ಗೆರೆಯಿಂದ ಕನಿಷ್ಠ 100 ಮೀಟರ್ ಬಿಡಬೇಕು. ಬಳಕೆ ವಲಯಕ್ಕೆ ಹೊಂದುತ್ತದೆ ಎಂಬ ಒಪ್ಪಿಗೆ, ಕೆಕೆಪಿಆರ್, ಮೊದಲು, ಆಮೇಲೆ ಕಟ್ಟಡ ಅನುಮತಿ ಪಿಬಿಜಿ. ಹಳೆಯ ಕಟ್ಟಡ ಅನುಮತಿ ಐಎಂಬಿ 2021ರಲ್ಲೇ ಹೋಯಿತು. ಈಗಲೂ "ಐಎಂಬಿ ಮಾಡಿಸಿಕೊಡ್ತೀವಿ" ಎನ್ನುವವರಿಂದ ದೂರ ಇರಿ.

ಕಟ್ಟುವಾಗ ಎಲ್ಲರೂ ಮರೆಯುವುದು ಕರೆಂಟು. ಹಳ್ಳಿಮನೆಗೆ 1300 ವಿಎ ಸಂಪರ್ಕ ಎಂದರೆ ಮೇನ್ ಸ್ವಿಚ್ 6 ಆಂಪಿಯರ್, ಎಸಿ ನಡೆಯುವಾಗ ಬಾವಿ ಪಂಪು ಹಾಕಿದರೆ ಬೀಳುತ್ತದೆ. 2200 ವಿಎಗೆ 10 ಆಂಪಿಯರ್. ಕೊನೆಯ ಕಂಬದಿಂದ ನಿಮ್ಮ ಜಾಗ ದೂರವಿದ್ದರೆ ಲೈನು ಎಳೆಯುವ ಲೆಕ್ಕ ಮೊದಲೇ ಕೇಳಿ. ಪಕ್ಕದ ಕಾಲುವೆಯ ನೀರು ಸುಬಕ್ ಎಂಬ ರೈತರ ನೀರಾವರಿ ಸಂಘದ್ದು, ಪೈಪ್ ಹಾಕುವಂತಿಲ್ಲ. ಲೊಂಬೊಕ್‌ನಲ್ಲಿ 2018ರ ಆಗಸ್ಟ್ 5ರ ಭೂಕಂಪದಲ್ಲಿ ಕಂಬ-ತೊಲೆ ಕಬ್ಬಿಣದಿಂದ ಕಟ್ಟದ ಇಟ್ಟಿಗೆ ಗೋಡೆಗಳೇ ಮೊದಲು ಬಿದ್ದವು. ಅಗ್ಗದ ಮರಕ್ಕೆ ಗೆದ್ದಲು ಬೇಗ.

ಕಾನೂನುಬದ್ಧ ದಾರಿ ಎರಡೇ ಮೂರು. ವಾಸದ ಪರವಾನಗಿ ಇದ್ದವರಿಗೆ ಹಕ್ ಪಾಕೈ, ಅಂದರೆ ಬಳಕೆಯ ಹಕ್ಕು: ಸರ್ಕಾರಿ ಭೂಮಿಯ ಮೇಲಾದರೆ 30 ವರ್ಷ, ವಿಸ್ತರಣೆ 20, ನವೀಕರಣ 30. ಆದರೆ ಜಮೀನು 2000 ಚದರ ಮೀಟರ್ ಒಳಗಿರಬೇಕು, ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆ ಇದೆ, ಬಾಲಿಯಲ್ಲಿ 5 ಮಿಲಿಯಾರ್. ಅಗ್ಗದ ಹಳ್ಳಿಮನೆ ಈ ಚೌಕಟ್ಟಿಗೆ ಬರುವುದೇ ಇಲ್ಲ. ವಿದೇಶಿ ಬಂಡವಾಳದ ಕಂಪನಿ ಮಾಡುವುದು ವ್ಯಾಪಾರ ಮಾಡುವವರಿಗೆ. ಉಳಿದದ್ದು ಬಾಡಿಗೆ ಕರಾರು. "25 ವರ್ಷ, ಮತ್ತೆ 25" ಎಂದು ಬರೆದಿದ್ದರೆ ಎರಡನೆಯ 25ರ ದರ ಏನು ಎಂದು ನೋಡಿ. "ಮಾರುಕಟ್ಟೆ ದರ" ಎಂದಷ್ಟೇ ಇದ್ದರೆ ನಿಮ್ಮ ಬಳಿ ಇರುವುದು 25 ವರ್ಷ ಮಾತ್ರ. ಸೂತ್ರ ಬರೆಸಿ. ಬಾಡಿಗೆಯ ಮೇಲಿನ ಶೇ 10 ತೆರಿಗೆ ಯಾರದ್ದು ಎಂದೂ ಬರೆಸಿ, ಕಾನೂನಿನಲ್ಲಿ ಅದು ಜಮೀನುದಾರರದ್ದಾದರೂ ಕೊನೆಗೆ ಗಿರಾಕಿಯ ತಲೆಗೆ ಕಟ್ಟುತ್ತಾರೆ. ವಾರಸುದಾರರೂ ಸಹಿ ಹಾಕಲಿ. ಮತ್ತೆ ಮಾರುವ ಆಸೆ ಇಟ್ಟುಕೊಳ್ಳಬೇಡಿ: ಬಾಡಿಗೆ ಅವಧಿ ವರ್ಷ ವರ್ಷ ಕರಗುತ್ತದೆ, ದೂರದ ಹಳ್ಳಿಯಲ್ಲಿ ಅದನ್ನು ಕೊಳ್ಳುವವರು ವಿರಳ.

ಭಾರತದ ನಿವಾಸಿಗಳಾಗಿ ಕಳಿಸುವ ಹಣಕ್ಕೆ ವರ್ಷಕ್ಕೆ 2,50,000 ಡಾಲರ್ ಮಿತಿ. ಆಸ್ತಿಯನ್ನು ಆದಾಯ ತೆರಿಗೆ ವಿವರದ ವಿದೇಶಿ ಆಸ್ತಿಯ ಪಟ್ಟಿ, ಷೆಡ್ಯೂಲ್ ಎಫ್‌ಎಯಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಬೇರೆಯವರ ಹೆಸರಿನ ಜಮೀನನ್ನು ಅಲ್ಲಿ ತೋರಿಸಿದರೂ ಕಷ್ಟ, ಬಿಟ್ಟರೂ ಕಷ್ಟ.

ಈಗಾಗಲೇ ಸಿಕ್ಕಿಕೊಂಡವರು ಹೆಸರು ಕೊಟ್ಟವರ ಜೊತೆ ಮಾತು ಚೆನ್ನಾಗಿರುವಾಗಲೇ ಬೇರೊಬ್ಬ ನೋಟಾರಿಸ್ ಬಳಿ ಹೋಗಿ, ಹಳೆಯ ಕಟ್ಟನ್ನು ರದ್ದುಮಾಡಿ, ಸ್ವಚ್ಛವಾದ ಬಾಡಿಗೆ ಕರಾರು ಮಾಡಿಸಿ. ವಾಸದ ಪರವಾನಗಿ ಇದ್ದು ಅರ್ಹತೆ ಹೊಂದಿದರೆ ಹಕ್ ಪಾಕೈಗೆ ಇಳಿಸಿಕೊಳ್ಳುವ ದಾರಿಯನ್ನು ಬಿಪಿಎನ್‌ನಲ್ಲಿ ಕೇಳಿ. ಅವರಿಗೆ ಒಂದಿಷ್ಟು ಹಣ ಹೆಚ್ಚು ಕೊಡಬೇಕಾಗಿ ಬಂದರೂ ಚೌಕಾಸಿ ಮಾಡಬೇಡಿ, ಅವರು ತೀರಿಕೊಂಡ ಮೇಲೆ ಅದೇ ಸಹಿಗೆ ನಾಲ್ಕು ಜನರ ಬಾಗಿಲು ತಟ್ಟಬೇಕಾಗುತ್ತದೆ.