ಸುಟ್ಟದ್ದು ಸಾಕೆಟ್, ದುಡ್ಡು ಕೊಟ್ಟದ್ದು ಬೋರ್ಡಿಗೆ

ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದು, ಬಚ್ಚಲಿನ ಪಕ್ಕ ಹೇಗೋ ಜಾಗ ಮಾಡಿ ವಾಷಿಂಗ್ ಮಷಿನ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕೈಯಿಂದ 7,250 ರೂಪಾಯಿ ಹೋಗಿದೆ. ಹೋದದ್ದಕ್ಕಿಂತ, ಹೋದ ರೀತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೇ ತಿಂಗಳು. ದಿನಕ್ಕೆ ಎರಡು ಸಲ ಅಂಗಿ ಬದಲಿಸಬೇಕಾದ ಬಿಸಿಲು. ನೆಂಟರು ಬಂದು ಹೋಗಿದ್ದರಿಂದ ಹೊದಿಕೆ, ದಿಂಬಿನ ಚೀಲಗಳ ರಾಶಿಯೇ ಬಿದ್ದಿತ್ತು. ಬಟ್ಟೆ ತುಂಬಿ ಗುಂಡಿ ಒತ್ತಿದರೆ ಮಷಿನ್ ಉಸಿರೇ ಎತ್ತಲಿಲ್ಲ. ದೀಪವಿಲ್ಲ, ಸದ್ದಿಲ್ಲ. ಸಾಕೆಟ್‌ಗೆ ಟೆಸ್ಟರ್ ಇಟ್ಟೆ, ಕೆಂಪಗೆ ಹೊಳೆಯಿತು. ಕರೆಂಟ್ ಇದೆ, ಆದ್ದರಿಂದ ಮಷಿನ್ನೇ ಕೆಟ್ಟಿದೆ ಎಂದು ತೀರ್ಪು ಕೊಟ್ಟುಬಿಟ್ಟೆ.

ಕಂಪನಿಯ ಸಹಾಯವಾಣಿ ಸಂಖ್ಯೆ ಮಷಿನ್ನಿನ ಬೆನ್ನಿಗೇ ಅಂಟಿಸಿತ್ತು. ಬಗ್ಗಿ ನೋಡುವ ಬದಲು ಮೊಬೈಲ್‌ನಲ್ಲಿ ಹುಡುಕಿದೆ. ಕಂಪನಿಯ ಹೆಸರನ್ನೇ ಹೊತ್ತ ಸಂಖ್ಯೆಯೊಂದು ಎಲ್ಲಕ್ಕಿಂತ ಮೇಲೆ ಸಿಕ್ಕಿತು. ಒಂದೇ ಗಂಟೆಯಲ್ಲಿ ಒಬ್ಬ ಬಂದ. ಸರ್ಕಾರಿ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆದು ರೂಢಿಯಾಗಿರುವ ನಮಗೆ, ಬೇಗ ಬಂದವನು ಒಳ್ಳೆಯವನೇ ಎಂದು ಅನಿಸಿಬಿಡುತ್ತದೆ.

ಅವನ ಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು, ಕರೆಂಟ್ ಅಳೆಯುವ ಮೀಟರ್ ಇರಲಿಲ್ಲ. ಗೋಡೆಯ ಸಾಕೆಟ್ ಕಡೆ ತಿರುಗಿಯೂ ನೋಡದೆ ಮಷಿನ್ನಿನ ಮೇಲ್ಮುಚ್ಚಳ ಬಿಚ್ಚಿದ. ಒಳಗೆ ಮಷಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ತೋರಿಸಿ, “ನಿಮ್ಮ ಏರಿಯಾದ ವೋಲ್ಟೇಜ್‌ಗೆ ಇದು ಸುಟ್ಟಿದೆ ಸರ್” ಎಂದ. ಈ ಮಾತಿಗೆ ನಾನು ಬಿದ್ದೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದ್ದರೂ ನಮ್ಮ ಓಣಿಯಲ್ಲಿ ಸಂಜೆಯಾದರೆ ಫ್ಯಾನ್ ಯಾರೋ ಕೈಯಲ್ಲಿ ತಿರುಗಿಸಿದ ಹಾಗೆ ತಿರುಗುತ್ತದೆ. ರಾಯಚೂರಿನವನ ಮುಂದೆ ವೋಲ್ಟೇಜ್ ಎಂದರೆ ಸಾಕು, ಮಿಕ್ಕಿದ್ದನ್ನು ಅವನೇ ನಂಬಿಕೊಳ್ಳುತ್ತಾನೆ.

ಬಂದದ್ದಕ್ಕೆ 450, ಹೊಸ ಬೋರ್ಡಿಗೆ ಮುಂಗಡ 3,000. ಹಳೆಯ ಬೋರ್ಡನ್ನು ಅವನೇ ತೆಗೆದುಕೊಂಡು ಹೋದ. ನಾಲ್ಕು ದಿನ ಬೋರ್‌ವೆಲ್‌ನ ಗಡಸು ನೀರಿನಲ್ಲಿ ನೊರೆ ಬಾರದ ಸೋಪು ತಿಕ್ಕಿ ತಿಕ್ಕಿ ನಾನೂ ಹೆಂಡತಿಯೂ ರಟ್ಟೆ ಕಳೆದುಕೊಂಡೆವು.

ಐದನೆಯ ದಿನ ಬಂದವನು, “ಈ ಮೂಲೆಯಲ್ಲಿ ಬೆಳಕಿಲ್ಲ” ಎಂದು ಮಷಿನ್ನನ್ನು ಪಡಸಾಲೆಗೆ ಎಳೆಸಿದ. ಬೋರ್ಡ್ ಕೂರಿಸಿದ. ತನ್ನದೇ ಎಕ್ಸ್‌ಟೆನ್ಷನ್ ವೈರ್ ತೆಗೆದು ಅಡುಗೆಮನೆಯ ದೊಡ್ಡ ಸಾಕೆಟ್‌ಗೆ ಸಿಕ್ಕಿಸಿದ. ದೀಪಗಳೆಲ್ಲ ಹೊತ್ತಿಕೊಂಡವು, ಡ್ರಮ್ ತಿರುಗಿತು. ಉಳಿದ 3,800 ರೂಪಾಯಿ ಎಣಿಸಿದೆ. ರಸೀದಿ ಕೇಳಿದ್ದಕ್ಕೆ “ಮೊಬೈಲ್‌ಗೆ ಬರುತ್ತದೆ” ಎಂದ. ಅದು ಇವತ್ತಿಗೂ ಬಂದಿಲ್ಲ.

ಅವನು ಹೋದ ಮೇಲೆ ಮಷಿನ್ನನ್ನು ಹಳೆಯ ಜಾಗಕ್ಕೆ ತಳ್ಳಿ, ಹಳೆಯ ಸಾಕೆಟ್‌ಗೇ ಹಾಕಿ ಗುಂಡಿ ಒತ್ತಿದೆ. ಮತ್ತೆ ಅದೇ ಮೌನ. ಅವನ ಫೋನ್ ಅಷ್ಟರಲ್ಲೇ ಸ್ವಿಚ್ ಆಫ್.

ಕೊನೆಗೆ ನಮ್ಮ ಓಣಿಯ ಹಿರಿಯ ವೈರ್‌ಮ್ಯಾನ್ ಒಬ್ಬರನ್ನು ಕರೆತಂದೆ. ಅವರು ಬಂದ ಕೂಡಲೇ ಮಷಿನ್ ಮುಟ್ಟಲಿಲ್ಲ. ಮೊದಲು ಸಾಕೆಟ್ ಬಳಿ ಮೂಗು ತಂದು ವಾಸನೆ ನೋಡಿದರು. ಮೇನ್ ಆಫ್ ಮಾಡಿ ಬಿಚ್ಚಿದರೆ, ಹಿಂದೆ ನ್ಯೂಟ್ರಲ್ ವೈರ್ ಸುಟ್ಟು ಕರಕಲಾಗಿ ತುಂಡಾಗಿತ್ತು. ಟೆಸ್ಟರ್ ತೋರಿಸುವುದು ಫೇಸ್ ಇದೆ ಎಂಬುದನ್ನು ಮಾತ್ರ. ಕರೆಂಟ್ ಬರುವ ದಾರಿ ಇತ್ತು, ತಿರುಗಿ ಹೋಗುವ ದಾರಿ ಸುಟ್ಟಿತ್ತು. “ಇಂಥ ಹೊತ್ತಿನಲ್ಲೇ ಹುಷಾರಾಗಿರಬೇಕು. ಮಷಿನ್ ಸತ್ತಂತೆ ಕಾಣುತ್ತದೆ, ಒಳಗೆ ಫೇಸ್ ಜೀವಂತ ಇರುತ್ತದೆ” ಎಂದರು ಅವರು. ನಾನೋ, ಪ್ಲಗ್ ಕೂಡ ಕೀಳದೆ ಅದರ ಹಿಂದೆ ಕೈ ಆಡಿಸಿದ್ದೆ.

ಸುಡಲು ಕಾರಣ ನಾನೇ. ಮಷಿನ್ನಿನ ಪ್ಲಗ್ 16 ಆಂಪಿಯರ್‌ನದು, ಬಚ್ಚಲ ಬಳಿ ಇದ್ದದ್ದು 6 ಆಂಪಿಯರ್‌ನ ಸಣ್ಣ ಸಾಕೆಟ್. ಅಂಗಡಿಯಿಂದ ಕನ್ವರ್ಟರ್ ಪ್ಲಗ್ ತಂದು ಎರಡನ್ನೂ ಬೆಸೆದಿದ್ದೆ. ಬಿಸಿನೀರಿನಲ್ಲಿ ಒಗೆಯುವಾಗ ಒಳಗಿನ ಹೀಟರ್ ಒಂದೇ ಸುಮಾರು 2,000 ವಾಟ್ ಎಳೆಯುತ್ತದೆ. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 9 ಆಂಪಿಯರ್. ಆ ಬಡ ಸಾಕೆಟ್ ಅಷ್ಟು ದಿನ ತಾಳಿದ್ದೇ ಹೆಚ್ಚು. ಹೊಸ ಸಾಕೆಟ್, ದಪ್ಪ ವೈರ್, ಕೂಲಿ ಎಲ್ಲ ಸೇರಿ 850 ರೂಪಾಯಿಗೆ ಮುಗಿಯಿತು. ಮಷಿನ್ ಓಡುತ್ತಿದೆ.

ಇನ್ನು ಆ “ಹೊಸ” ಬೋರ್ಡಿನ ಕತೆ. ಮೊದಲ ದಿನ ಅವನು ಮುಚ್ಚಳ ಬಿಚ್ಚಿದಾಗ ನನ್ನ ಮಗ ಕುತೂಹಲಕ್ಕೆ ಫೋಟೊ ತೆಗೆದಿದ್ದ. ವೈರ್‌ಮ್ಯಾನ್ ಮುಚ್ಚಳ ತೆರೆದ ಮೇಲೆ ಹೋಲಿಸಿ ನೋಡಿದೆವು. ಅದೇ ಚೀಟಿ, ಅದೇ ಸಂಖ್ಯೆ, ಮೂಲೆ ಹರಿದದ್ದೂ ಅದೇ ತೆರನಾಗಿ. ನಮ್ಮ ಬೋರ್ಡ್ ನಾಲ್ಕು ದಿನ ಅವನ ಮನೆಯಲ್ಲಿ ನೆಂಟನಾಗಿದ್ದು ವಾಪಸ್ ಬಂದಿತ್ತು.

ಆದ್ದರಿಂದ, ದೀಪವೇ ಹತ್ತದಿದ್ದರೆ ಮಷಿನ್ನಿನ ಪ್ಲಗ್ ಕಿತ್ತು, ಅದೇ ಸಾಕೆಟ್‌ಗೆ ಟೇಬಲ್ ಲ್ಯಾಂಪೋ ಮೊಬೈಲ್ ಚಾರ್ಜರೋ ಹಾಕಿ ನೋಡಿ. ಟೆಸ್ಟರ್ ಒಂದನ್ನೇ ನಂಬಬೇಡಿ. ಲ್ಯಾಂಪ್ ಹತ್ತಿದರೂ ಸಾಕೆಟ್ ಕಂದಾಗಿದ್ದರೆ, ಸುಟ್ಟ ವಾಸನೆ ಇದ್ದರೆ ಮುಟ್ಟದೆ ವೈರ್‌ಮ್ಯಾನ್‌ಗೆ ಹೇಳಿ. ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನಾಗಿಯೇ ಆಫ್ ಆಗುವ ಸ್ವಿಚ್, ಕೆಳಗೆ ಬಿದ್ದಿದೆಯೇ ಎಂದೂ ನೋಡಿ. ಎತ್ತಿದರೂ ಮತ್ತೆ ಬಿದ್ದರೆ ಹಟ ಮಾಡಬೇಡಿ. ದೀಪ ಹತ್ತಿಯೂ ಓಡದಿದ್ದರೆ ಅದು ಬೇರೆ ರೋಗ. ಮಕ್ಕಳು ಗುಂಡಿ ಒತ್ತಿದರೂ ಓಡದಂತೆ ತಡೆಯುವ ಚೈಲ್ಡ್ ಲಾಕ್ ಬಿದ್ದಿರಬಹುದು, ಬಾಗಿಲಿಗೆ ಬಟ್ಟೆಯ ಅಂಚು ಸಿಕ್ಕಿ “ಟಕ್” ಎಂಬ ಸದ್ದು ಬಾರದಿರಬಹುದು. ನಮ್ಮ ಕಡೆ ಹೆಚ್ಚಾಗಿ ಕಾಡುವುದು ನೀರು: ಪೈಪ್ ಮಷಿನ್ನಿಗೆ ಸೇರುವಲ್ಲಿ ಒಂದು ಸಣ್ಣ ಜಾಲರಿ ಇದೆ, ಅದರಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ನಲ್ಲಿ ನಿಲ್ಲಿಸಿ, ಜಾಲರಿ ಎಳೆದು, ವಿನೆಗರ್‌ನಲ್ಲಿ ನೆನೆಹಾಕಿ ತೊಳೆದರೆ ಆಯಿತು. ಇದಕ್ಕೂ ಬೋರ್ಡ್ ಹೋಗಿದೆ ಎನ್ನುವವರಿದ್ದಾರೆ.

ಯಾರನ್ನೇ ಕರೆದರೂ ಕಂಪನಿ ಅಂಟಿಸಿದ ಚೀಟಿಯ ಸಂಖ್ಯೆಗೇ ಕರೆಮಾಡಿ. ಬಿಚ್ಚುವ ಮೊದಲೇ ಫೋಟೊ ತೆಗೆಯಿರಿ. ತೆಗೆದ ಭಾಗವನ್ನು ಮನೆಯಲ್ಲೇ ಬಿಟ್ಟುಹೋಗಲು ಹೇಳಿ. ಸರಿಯಾಗಿದೆ ಎಂದು ತೋರಿಸುವುದಾದರೆ, ಎಲ್ಲಿ ನಿಂತಿತ್ತೋ ಅಲ್ಲೇ, ಅದೇ ಸಾಕೆಟ್‌ನಲ್ಲೇ ಓಡಿಸಿ ತೋರಿಸಲಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ರಸೀದಿ ಎಲ್ಲಿದೆ ಎಂದರೆ ನನ್ನ ಬಳಿ ಉತ್ತರವಿಲ್ಲ, ಇರುವುದು ಮಗ ತೆಗೆದ ಫೋಟೊ ಮಾತ್ರ. ನಿನ್ನೆ ಸುಮ್ಮನೆ ಮತ್ತೊಮ್ಮೆ ಮೊಬೈಲ್‌ನಲ್ಲಿ ಹುಡುಕಿದೆ. ಅದೇ ಸಂಖ್ಯೆ ಇನ್ನೂ ಮೇಲ್ತುದಿಯಲ್ಲೇ ಇದೆ. ಈಗ ಫ್ರಿಜ್ ರಿಪೇರಿಯನ್ನೂ ಸೇರಿಸಿಕೊಂಡಿದ್ದಾನೆ.